ಬತ್ತಿದ ಕೆರೆಗೆ ಯಾವ ಬಣ್ಣ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ದೀರಿ ಅಂದ್ಕೊಂಡಿದ್ದೀನಿ. ಒಂದು ಸಣ್ಣ ಕೆಲಸ ಮಾಡಿ. ಫೋನಲ್ಲಿ ಮ್ಯಾಪ್ ತೆಗೆದು ನಿಮ್ಮ ಊರನ್ನು ಹುಡುಕಿ. ಸಿಕ್ತಾ? ಈಗ ಎರಡು ಬೆರಳು ಇಟ್ಟು ನಿಧಾನಕ್ಕೆ ಝೂಮ್ ಔಟ್ ಮಾಡ್ತಾ ಹೋಗಿ. ಮೊದಲು ಅಂಗಡಿಗಳು ಹೋದವು. ಆಮೇಲೆ ಗಲ್ಲಿಗಳು. ಆಮೇಲೆ ನಿಮ್ಮ ಊರ ಹೆಸರೇ ಹೋಯ್ತು, ತಾಲ್ಲೂಕು ಕೇಂದ್ರದ ಹೆಸರು ಮಾತ್ರ ಉಳೀತು. ಯಾರು ಅಳಿಸಿದ್ರು?

ಯಾರೂ ಅಳಿಸಿಲ್ಲ. ಫೋನಿನ ಒಳಗೆ ಒಂದಷ್ಟು ಪ್ರಶ್ನೆಗಳು ಓಡ್ತಾ ಇವೆ. "ಇದು ಹಳ್ಳಿಯಾ? ಹೌದು. ಝೂಮ್ ಹನ್ನೆರಡಕ್ಕಿಂತ ಕಡಿಮೆನಾ? ಹೌದು. ಹಾಗಾದ್ರೆ ತೋರಿಸ್ಬೇಡ." ಹೌದು ಅಥವಾ ಇಲ್ಲ ಅಂತ ಮಾತ್ರ ಉತ್ತರ ಬರುವ ಇಂಥ ಪ್ರಶ್ನೆಗೆ ತಂತ್ರಜ್ಞಾನದ ಭಾಷೆಯಲ್ಲಿ ಪ್ರೆಡಿಕೇಟ್ ಅಂತಾರೆ. ಉತ್ತರವಾಗಿ ಒಂದು ಬಣ್ಣವನ್ನೋ, ಅಳತೆಯನ್ನೋ, ಹೆಸರನ್ನೋ ಕೊಡುವ ಸೂತ್ರಕ್ಕೆ ಎಕ್ಸ್‌ಪ್ರೆಷನ್ ಅಂತಾರೆ. ನಿಮ್ಮ ಬೆರಳು ಚಲಿಸುವಾಗ ಇವು ಸಾವಿರಾರು ಸಲ ಓಡುತ್ತವೆ. ಇವತ್ತಿನ ಕಥೆ ಇವೆರಡರದ್ದು. ಈ ಕಥೆ ಶುರುವಾಗೋದು ಕ್ಯಾಲಿಫೋರ್ನಿಯಾದಲ್ಲಿ ಅಲ್ಲ. ಅದರ ಒಂದು ತುದಿ ಮದುರೈಯಲ್ಲಿದೆ, ಇನ್ನೊಂದು ನಮ್ಮ ಬೆಂಗಳೂರಲ್ಲೇ ಇದೆ.

ಅದಕ್ಕೂ ಮೊದಲು ನಾನು ಮಾಡಿದ ಒಂದು ಎಡವಟ್ಟನ್ನು ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ, ಕೋಲಾರದ ಕಡೆ ಇರೋ ನಮ್ಮಜ್ಜಿ ಊರಿನ ಸುತ್ತಮುತ್ತಲ ಕೆರೆಗಳದ್ದು ಒಂದು ಪುಟ್ಟ ಮ್ಯಾಪ್ ಮಾಡೋಣ ಅಂತ ಕೂತೆ. ಓಪನ್‌ಸ್ಟ್ರೀಟ್‌ಮ್ಯಾಪ್ ಗೊತ್ತಲ್ವಾ, ವಿಕಿಪೀಡಿಯಾ ಥರ ಜನರೇ ಸೇರಿ ಬರೆಯುವ ಮ್ಯಾಪು, ಅದರ ಡೇಟಾ ತಗೊಂಡೆ. ಅಲ್ಲಿ ಪ್ರತಿ ಕೆರೆಗೂ ಚೀಟಿ ಅಂಟಿಸಿದ ಹಾಗೆ ಟ್ಯಾಗ್‌ಗಳಿರುತ್ತವೆ. ಇದು ನೀರು, ಇದು ಕೆರೆ ಅಥವಾ ಜಲಾಶಯ, ಇದರ ಹೆಸರು ಇಂಥದ್ದು. ವರ್ಷಪೂರ್ತಿ ನೀರಿಲ್ಲದೆ ಆಗಾಗ ಬತ್ತುವ ಕೆರೆಗೆ "ಇಂಟರ್ಮಿಟೆಂಟ್: ಯೆಸ್" ಅಂತ ಇನ್ನೊಂದು ಚೀಟಿ. ನನಗೆ ವರ್ಷವಿಡೀ ನೀರಿರೋ ಕೆರೆಗಳನ್ನು ಮಾತ್ರ ನೀಲಿಯಲ್ಲಿ ನೋಡಬೇಕಿತ್ತು. ಭಾರಿ ಜಾಣನ ಹಾಗೆ ಫಿಲ್ಟರ್ ಬರೆದೆ: ಇಂಟರ್ಮಿಟೆಂಟ್ ಅನ್ನೋದು "ನೋ" ಆಗಿದ್ದರೆ ತೋರಿಸು.

ಮ್ಯಾಪ್ ಖಾಲಿ. ಒಂದೇ ಒಂದು ಕೆರೆ ಇಲ್ಲ. ಕೋಲಾರದಲ್ಲಿ! ಕೆರೆಗಳ ಜಿಲ್ಲೆ ಅಂತಲೇ ಹೆಸರಾಗಿರೋ ಜಾಗದಲ್ಲಿ!

ಏನಾಗಿತ್ತು ಅಂತ ಆಮೇಲೆ ಹೇಳ್ತೀನಿ. ಈಗ 1800ಕ್ಕೆ ಹೋಗೋಣ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ನೆಲವನ್ನು ಅಳೆಯೋಕೆ ಕಂಪನಿಯವರು ತಡಮಾಡಲಿಲ್ಲ. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ನಿಂತ. ವಿಲಿಯಂ ಲ್ಯಾಂಬ್ಟನ್ ಅನ್ನೋ ಇನ್ನೊಬ್ಬ ಸೈನ್ಯಾಧಿಕಾರಿ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಸುಮಾರು 7.4 ಮೈಲಿ ಉದ್ದದ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. ಅದು ಪೂರ್ವ ತಯಾರಿ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಅವನು ಶುರು ಮಾಡಿದ ಅಳತೆಯೇ ಮುಂದೆ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ ಆಯ್ತು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಹಿಮಾಲಯದ ತನಕ. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಆ ಕೆಲಸ ಹೊತ್ತವನು ಜಾರ್ಜ್ ಎವರೆಸ್ಟ್. ಹೌದು, ಅದೇ ಎವರೆಸ್ಟ್. ಅಂದಹಾಗೆ ಅವರ ಮನೆತನದ ಉಚ್ಚಾರ "ಈವ್‌ರೆಸ್ಟ್". ನಾವೆಲ್ಲ ತಪ್ಪಾಗಿ ಹೇಳ್ತಾ ಬಂದಿದ್ದೀವಿ.

ಈ ಎವರೆಸ್ಟ್‌ಗೆ ಒಬ್ಬಳು ಅಣ್ಣತಮ್ಮನ ಮಗಳಿದ್ದಳು, ಮೇರಿ ಎವರೆಸ್ಟ್ ಅಂತ. 1855ರಲ್ಲಿ ಅವಳು ಮದುವೆಯಾದದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಗಣಿತ ಹೇಳಿಕೊಡುತ್ತಿದ್ದ ಜಾರ್ಜ್ ಬೂಲ್‌ನನ್ನು. ಕಂಪ್ಯೂಟರ್ ಸೈನ್ಸ್ ಓದಿದವರು ಈಗ ನೆಟ್ಟಗೆ ಕೂತಿರಬೇಕು. "ಬೂಲಿಯನ್" ಅನ್ನೋ ಪದ ಬಂದಿದ್ದು ಅವನಿಂದಲೇ. ಇಂಡಿಯಾವನ್ನು ಮ್ಯಾಪಿನ ಮೇಲೆ ತಂದ ಮನೆತನಕ್ಕೆ, ಆ ಮ್ಯಾಪನ್ನು ಸೋಸುವ ತರ್ಕ ಹುಟ್ಟುಹಾಕಿದವನು ಅಳಿಯ. ನನಗೆ ಇದು ಗೊತ್ತಾದ ದಿನ ಮೊಬೈಲ್ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದೆ.

ಬೂಲ್ ಚಮ್ಮಾರನ ಮಗ. ಇಂಗ್ಲೆಂಡಿನ ಲಿಂಕನ್ ಊರಿನವನು, 1815ರಲ್ಲಿ ಹುಟ್ಟಿದವನು. ಯೂನಿವರ್ಸಿಟಿ ಮೆಟ್ಟಿಲು ಹತ್ತಿರಲಿಲ್ಲ, ಎಲ್ಲ ಸ್ವಂತ ಓದು. 1847ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ, 1854ರಲ್ಲಿ ದೊಡ್ಡದು. ಅವನು ಹೇಳಿದ್ದು ಇಷ್ಟೇ: ಆಲೋಚನೆಯನ್ನೂ ಬೀಜಗಣಿತದ ಹಾಗೆ ಬರೆಯಬಹುದು. ಎಕ್ಸ್ ಅಂದ್ರೆ ಬಿಳಿ ಇರೋದೆಲ್ಲ ಅಂತಿಟ್ಕೊಳ್ಳಿ, ವೈ ಅಂದ್ರೆ ಕುರಿಗಳೆಲ್ಲ. ಎರಡನ್ನೂ ಗುಣಿಸಿದರೆ ಬಿಳಿ ಕುರಿಗಳು. ಇದು ಅವನದೇ ಉದಾಹರಣೆ, ನಾನು ಹೇಳ್ತಿರೋದಲ್ಲ. ಬಿಳಿ ಜಾಗದಲ್ಲಿ "ಇಪ್ಪತ್ನಾಲ್ಕು ಗಂಟೆ ತೆರೆದಿರೋದು" ಅಂತ ಹಾಕಿ, ಕುರಿ ಜಾಗದಲ್ಲಿ "ಮೆಡಿಕಲ್ ಸ್ಟೋರ್" ಅಂತ ಹಾಕಿ. ರಾತ್ರಿ ಹನ್ನೆರಡಕ್ಕೆ ಜ್ವರದ ಮಾತ್ರೆ ಹುಡುಕುವಾಗ ನೀವು ಫೋನಲ್ಲಿ ಒತ್ತುವ ಎರಡು ಬಟನ್ ಅಂದ್ರೆ ಅದೇ ಗುಣಾಕಾರ.

ಇನ್ನೊಬ್ಬರು ಮದುರೈಯವರು. ಅಗಸ್ಟಸ್ ಡಿ ಮಾರ್ಗನ್, ಹುಟ್ಟಿದ್ದು 1806ರಲ್ಲಿ ಮದುರೈಯಲ್ಲಿ. ಅಪ್ಪ ಕಂಪನಿ ಸೈನ್ಯದಲ್ಲಿದ್ದ. ಮಗುವಾಗಿದ್ದಾಗಲೇ ಇಂಗ್ಲೆಂಡಿಗೆ ಕರ್ಕೊಂಡು ಹೋದ್ರು, ಆದ್ರಿಂದ ತಮಿಳು ಗೊತ್ತಿತ್ತಾ ಅಂತ ಕೇಳ್ಬೇಡಿ. ಬೂಲ್‌ಗೆ ಅವನು ಸ್ನೇಹಿತ, ಇಬ್ಬರ ನಡುವೆ ವರ್ಷಗಟ್ಟಲೆ ಪತ್ರ ಓಡಾಡಿದವು. ಡಿ ಮಾರ್ಗನ್ ಹೆಸರಲ್ಲಿ ಒಂದು ನಿಯಮ ಇದೆ. ಪಿಯುಸಿಯಲ್ಲಿ ಅದನ್ನು ಉರು ಹೊಡೆದಿದ್ದೆ, ಅರ್ಥವಾಗಿದ್ದು ಮ್ಯಾಪ್ ಮಾಡುವಾಗ. "ಹೋಟೆಲ್ ಆಗಲಿ ಬಾರ್ ಆಗಲಿ ತೋರಿಸ್ಬೇಡ" ಅಂತ ಬರೀಬೇಕು ಅಂದ್ಕೊಳ್ಳಿ. ಅವಸರದಲ್ಲಿ "ಹೋಟೆಲ್ ಅಲ್ಲದ್ದು ಅಥವಾ ಬಾರ್ ಅಲ್ಲದ್ದು ತೋರಿಸು" ಅಂತ ಬರೆದುಬಿಡ್ತೀವಿ. ಹೋಟೆಲ್, ಬಾರ್ ಎಲ್ಲ ಮ್ಯಾಪ್ ತುಂಬ ಬಂದು ಕೂತ್ಕೊಳ್ತವೆ. ಯಾಕೆ? ಹೋಟೆಲ್ ಏನಿದೆ, ಅದು ಬಾರ್ ಅಲ್ಲ, ಹಾಗಾಗಿ ಪಾಸ್. ಬಾರ್ ಏನಿದೆ, ಅದು ಹೋಟೆಲ್ ಅಲ್ಲ, ಅದೂ ಪಾಸ್. "ಅಥವಾ"ವನ್ನು ಅಲ್ಲಗಳೆದಾಗ ಅದು "ಮತ್ತು" ಆಗಬೇಕು. ಹೋಟೆಲ್ ಅಲ್ಲ ಮತ್ತು ಬಾರ್ ಅಲ್ಲ. ಇದೇ ಡಿ ಮಾರ್ಗನ್ ನಿಯಮ. ಇವತ್ತಿಗೂ ಮ್ಯಾಪ್ ಮಾಡೋರು ಅತಿ ಹೆಚ್ಚು ಎಡವೋದು ಇಲ್ಲೇ ಅನ್ನೋದು ನನ್ನ ಅನುಭವ.

ಇಲ್ಲೊಂದು ಎಚ್ಚರಿಕೆ. ಗಂಡ ಸತ್ತು ಎಷ್ಟೋ ವರ್ಷದ ಮೇಲೆ, 1901ರಲ್ಲಿ, ಮೇರಿ ಬೂಲ್ ಡಾಕ್ಟರ್ ಬೋಸ್ ಅವರಿಗೆ ಒಂದು ದೀರ್ಘ ಪತ್ರ ಬರೆದಳು. ತನ್ನ ದೊಡ್ಡಪ್ಪ ಎವರೆಸ್ಟ್ ಇಂಡಿಯಾದಿಂದ ತಂದ ಹಿಂದೂ ತರ್ಕದ ವಿಚಾರಗಳು ಬೂಲ್, ಡಿ ಮಾರ್ಗನ್ ಮೇಲೆಲ್ಲ ಪ್ರಭಾವ ಬೀರಿದವು ಅನ್ನೋದು ಅವಳ ಅಭಿಪ್ರಾಯ. ಆಹಾ, ವಾಟ್ಸಾಪ್ ಫಾರ್ವರ್ಡ್‌ಗೆ ಹೇಳಿ ಮಾಡಿಸಿದ ಮಾತು! ಆದ್ರೆ ಸ್ವಲ್ಪ ತಡೀರಿ. ಬೂಲ್‌ಗೆ ಈ ಯೋಚನೆ ಮೊದಲು ಹೊಳೆದಿದ್ದು ಹದಿನೇಳರ ವಯಸ್ಸಲ್ಲಿ, ಡಾಂಕಾಸ್ಟರ್‌ನ ಒಂದು ಹೊಲದಲ್ಲಿ ನಡೆಯುವಾಗ ಅಂತ ಹೇಳ್ತಾರೆ. ಮೇರಿಯನ್ನು ಅವನು ನೋಡಿದ್ದು 1850ರಲ್ಲಿ, ಮೊದಲ ಪುಸ್ತಕ ಬಂದು ಮೂರು ವರ್ಷ ಆಗಿತ್ತು. ಹಾಗಾಗಿ ನಾನಂತೂ ಅವಳ ಮಾತನ್ನು ಪ್ರೀತಿಯ ನೆನಪು ಅಂತ ತಗೋತೀನಿ, ಸಾಕ್ಷಿ ಅಂತ ಅಲ್ಲ.

ಬೂಲ್ ಸತ್ತದ್ದು 49ರ ವಯಸ್ಸಿಗೆ. ಮಳೆಯಲ್ಲಿ ನೆನೆದುಕೊಂಡು ಮೂರು ಮೈಲಿ ನಡೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದ, ನ್ಯುಮೋನಿಯಾ ಬಂತು. 1864ರ ಡಿಸೆಂಬರ್. ಮರುವರ್ಷ ಹಿಮಾಲಯದ ಶಿಖರಕ್ಕೆ ಎವರೆಸ್ಟ್ ಹೆಸರು ಅಧಿಕೃತವಾಯ್ತು. ತಮಾಷೆ ಅಂದ್ರೆ ಎವರೆಸ್ಟೇ ಅದನ್ನು ವಿರೋಧಿಸಿದ್ದ, ಈ ಹೆಸರನ್ನು ಹಿಂದಿಯಲ್ಲಿ ಬರೆಯೋಕಾಗಲ್ಲ, ಅಲ್ಲಿನ ಜನರ ನಾಲಿಗೆಗೂ ಒಗ್ಗಲ್ಲ ಅಂತ. ಈ ಹೆಸರಿನ ವಿಷಯಕ್ಕೆ ಮತ್ತೆ ಬರ್ತೀನಿ.

ಈಗ ಕಾಗದದ ಮ್ಯಾಪ್. ಪಿಯುಸಿಯಲ್ಲಿ ಭೂಗೋಳ ತಗೊಂಡೋರಿಗೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ನೆನಪಿರಬಹುದು. ಪ್ರಾಕ್ಟಿಕಲ್‌ನಲ್ಲಿ ಗೋಳು ಹುಯ್ಕೊಂಡ ಆ ಹಾಳೆ. ಕೆಂಪು ಅಂದ್ರೆ ರಸ್ತೆ ಮತ್ತು ಮನೆ, ಹಸಿರು ಕಾಡು, ಹಳದಿ ಸಾಗುವಳಿ, ಕಂದು ಎತ್ತರದ ಗೆರೆ. ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ವರ್ಷವಿಡೀ ನೀರು ಹರಿಯುವ ಹೊಳೆ ನೀಲಿ. ಬೇಸಿಗೆಯಲ್ಲಿ ಒಣಗುವ ಹಳ್ಳ ಕಪ್ಪು. ಅಂದ್ರೆ "ನೀರಿದ್ದರೆ ನೀಲಿ, ಬತ್ತಿದರೆ ಕಪ್ಪು" ಅನ್ನೋ ಸೂತ್ರ. ಇವತ್ತು ಫೋನಲ್ಲಿ "ಕೇಸ್" ಅಂತ ಬರೆಯೋ ಎಕ್ಸ್‌ಪ್ರೆಷನ್ ಇದೇ. ವ್ಯತ್ಯಾಸ ಇಷ್ಟೇ, ಅಲ್ಲಿ ಅದನ್ನು ಒಬ್ಬ ನಕಾಶೆಗಾರ ಮಸಿಯಲ್ಲಿ ಒಮ್ಮೆ ತೀರ್ಮಾನಿಸಿ ಮುಗಿಸುತ್ತಿದ್ದ. ಸರ್ವೆಯವನು ಬಿಸಿಲಲ್ಲಿ ಆ ಹಳ್ಳದ ತನಕ ನಡೆದು ಹೋಗಿ ನೋಡಿ ಬಂದಿರುತ್ತಿದ್ದ ಅನ್ನೋದನ್ನೂ ಮರೀಬಾರದು.

ಕಂಪ್ಯೂಟರ್ ಬಂದಿದ್ದು ಖರ್ಚಿನ ತಲೆನೋವಿನಿಂದ. 1960ರ ಸುಮಾರಿಗೆ ಕೆನಡಾದ ಒಂದು ಕಂಪನಿಯಲ್ಲಿದ್ದ ರೋಜರ್ ಟಾಮ್ಲಿನ್ಸನ್‌ಗೆ ಕೀನ್ಯಾದಲ್ಲಿ ಮರ ಬೆಳೆಸೋಕೆ ಜಾಗ ಹುಡುಕುವ ಕೆಲಸ ಬಂತು. ಇಳಿಜಾರು ಹೇಗಿದೆ, ಮಣ್ಣು ಯಾವುದು, ರಸ್ತೆ ಎಷ್ಟು ದೂರ, ಇದೆಲ್ಲ ಬೇರೆ ಬೇರೆ ಹಾಳೆಯಲ್ಲಿ. ಒಂದರ ಮೇಲೊಂದು ಇಟ್ಟು ಕೈಯಲ್ಲಿ ನೋಡ್ತಾ ಹೋದರೆ ವೆಚ್ಚ ಆಕಾಶಕ್ಕೆ. ಇದನ್ನು ಕಂಪ್ಯೂಟರ್ ಮಾಡಬಾರದೇಕೆ ಅಂತ ಅವನ ತಲೆಗೆ ಬಂತು. 1962ರಲ್ಲಿ ವಿಮಾನದ ಪ್ರಯಾಣದಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದವನು ಕೆನಡಾ ಸರ್ಕಾರದ ಲೀ ಪ್ರ್ಯಾಟ್, ಇಡೀ ದೇಶದ ಭೂಬಳಕೆ ಮ್ಯಾಪ್ ಮಾಡಿಸಬೇಕಾಗಿದ್ದವನು. ಅಲ್ಲಿಂದ ಹುಟ್ಟಿದ್ದೇ ಕೆನಡಾ ಜಿಯಾಗ್ರಫಿಕ್ ಇನ್ಫರ್ಮೇಷನ್ ಸಿಸ್ಟಮ್. ಜಿಐಎಸ್ ಅಂತ ನಾವೀಗ ಕರೆಯೋದರ ತಲೆಮಗು. ಬೂಲ್‌ನ "ಮತ್ತು, ಅಥವಾ, ಅಲ್ಲ" ಮೊದಲ ಸಲ ಒಂದು ದೇಶದ ನೆಲದ ಮೇಲೆ ಓಡಾಡಿದ್ದು ಅಲ್ಲಿ.

2005ಕ್ಕೆ ಹಾರ್ತೀನಿ, ಯಾಕಂದ್ರೆ ಆ ವರ್ಷ ವಿಚಿತ್ರ ವರ್ಷ. ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಏಪ್ರಿಲ್‌ನಲ್ಲಿ ಆಪಲ್ ತನ್ನ ಮ್ಯಾಕ್‌ನ ಟೈಗರ್ ಆವೃತ್ತಿಯಲ್ಲಿ ಎನ್‌ಎಸ್‌ಪ್ರೆಡಿಕೇಟ್ ಅನ್ನೋ ಸಲಕರಣೆ ಕೊಡ್ತು. ಐಫೋನ್ ಬರೋಕೆ ಇನ್ನೂ ಎರಡು ವರ್ಷ ಇತ್ತು. ಅದೇ ವರ್ಷ ಭಾರತ ಸರ್ಕಾರ ರಾಷ್ಟ್ರೀಯ ನಕ್ಷಾ ನೀತಿ ಪ್ರಕಟಿಸಿತು. ಅದರ ಪ್ರಕಾರ ಸರ್ವೆ ಆಫ್ ಇಂಡಿಯಾ ಎರಡು ಥರದ ಮ್ಯಾಪ್ ಮಾಡಬೇಕಿತ್ತು: ಒಂದು ಸೇನೆಗೆ, ಡಿಫೆನ್ಸ್ ಸೀರೀಸ್. ಇನ್ನೊಂದು ಜನರಿಗೆ, ಓಪನ್ ಸೀರೀಸ್. ಜನರ ಮ್ಯಾಪಲ್ಲಿ ರಕ್ಷಣೆಗೆ ಸೂಕ್ಷ್ಮವಾದ ಜಾಗಗಳು ಇರೋಹಾಗಿರಲಿಲ್ಲ. ಒಂದೇ ನೆಲ, ಎರಡು ಫಿಲ್ಟರ್! ಓಪನ್ ಸೀರೀಸ್ ಮ್ಯಾಪ್‌ಗೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಗಿಡ್ಡ ಹೆಸರು ಒಂದೇ, ಓಎಸ್‌ಎಂ. ಒಂದು ಸರ್ಕಾರದ್ದು, ಒಂದು ಜನರದ್ದು.

ಆಗಿನ ವೆಬ್ ಮ್ಯಾಪ್‌ಗಳು ಬೇಯಿಸಿದ ಚಪಾತಿ ಇದ್ದ ಹಾಗೆ. ದೂರದ ಸರ್ವರ್‌ನಲ್ಲಿ ಚಿಕ್ಕ ಚಿಕ್ಕ ಚೌಕದ ಚಿತ್ರಗಳನ್ನು ಮೊದಲೇ ಮಾಡಿಟ್ಟು ಕಳಿಸೋರು. ರಸ್ತೆ ಹಳದಿ ಅಂದ್ರೆ ಹಳದಿ, ನಿಮಗೆ ಬದಲಾಯಿಸೋಕಾಗಲ್ಲ. 2010ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್‌ನ ಗೂಗಲ್ ಮ್ಯಾಪ್ಸ್ ವೆಕ್ಟರ್‌ಗೆ ಬದಲಾಯ್ತು. ಚಪಾತಿ ಬದಲು ಹಿಟ್ಟನ್ನೇ ಫೋನಿಗೆ ಕಳಿಸೋದು, ಬೇಯಿಸೋ ಕೆಲಸ ನಿಮ್ಮ ಫೋನಿನದ್ದು. 2014ರಲ್ಲಿ ಮ್ಯಾಪ್‌ಬಾಕ್ಸ್ ಅದೇ ತಂತ್ರವನ್ನು ಬೇರೆ ಡೆವಲಪರ್‌ಗಳ ಕೈಗೂ ಕೊಡ್ತು. ಆಗ ಪ್ರಶ್ನೆ ಬಂತು: ಹೇಗೆ ಬೇಯಿಸಬೇಕು ಅನ್ನೋ ಪಾಕವಿಧಾನ ಬರೆಯೋದು ಯಾವ ಭಾಷೆಯಲ್ಲಿ?

ಉತ್ತರ ಸ್ವಲ್ಪ ಹಳೇದು. 1960ರಲ್ಲಿ ಜಾನ್ ಮೆಕಾರ್ಥಿ ಪ್ರಕಟಿಸಿದ ಲಿಸ್ಪ್ ಭಾಷೆಯಲ್ಲಿ ಕ್ರಿಯೆ ಮೊದಲು, ಅದರ ಸಾಮಾನು ಆಮೇಲೆ. "ಎರಡು ಕೂಡಿಸು ಮೂರು" ಅಲ್ಲ, "ಕೂಡಿಸು, ಎರಡು, ಮೂರು". 2017ರಲ್ಲಿ ಮ್ಯಾಪ್‌ಬಾಕ್ಸ್ ತಂದ ಎಕ್ಸ್‌ಪ್ರೆಷನ್‌ಗಳು ಇದೇ ಜಾಡು ಹಿಡಿದವು. ಐಫೋನಲ್ಲಿ ಕೆಲಸ ಮಾಡೋರಿಗೆ ಆಪಲ್‌ನ ಆ ಹಳೇ ಪ್ರೆಡಿಕೇಟ್ ಸಲಕರಣೆಯಲ್ಲೇ ಬರೆಯೋ ದಾರಿಯನ್ನೂ ಕೊಟ್ಟಿದ್ರು, ಅದು ಹೆಚ್ಚುಕಮ್ಮಿ ಇಂಗ್ಲಿಷ್ ವಾಕ್ಯದ ಹಾಗೇ ಓದಿಸಿಕೊಳ್ಳುತ್ತೆ. 2020ರ ಕೊನೆಗೆ ಮ್ಯಾಪ್‌ಬಾಕ್ಸ್ ತನ್ನ ವೆಬ್ ಲೈಬ್ರರಿಯ ಮುಕ್ತ ಪರವಾನಗಿ ಬಿಟ್ಟಾಗ, ಹಳೇ ಕೋಡ್ ಹಿಡಿದುಕೊಂಡು ಮ್ಯಾಪ್‌ಲಿಬ್ರೆ ಅನ್ನೋ ಕವಲು ಹುಟ್ಟಿತು. ನಾನು ಬಳಸೋದು ಅದನ್ನೇ, ದುಡ್ಡು ಕೊಡಬೇಕಿಲ್ಲ ಅನ್ನೋ ಒಂದೇ ಕಾರಣಕ್ಕೆ.

ಒಂದು ಎಕ್ಸ್‌ಪ್ರೆಷನ್ ಓದಿ ಹೇಳ್ತೀನಿ ಕೇಳಿ. "ಕೋಅಲೆಸ್, ಗೆಟ್ ನೇಮ್ ಕೆಎನ್, ಗೆಟ್ ನೇಮ್ ಇಎನ್, ಗೆಟ್ ನೇಮ್." ಅರ್ಥ: ಕನ್ನಡದ ಹೆಸರಿದ್ದರೆ ಅದನ್ನು ಬರಿ, ಇಲ್ಲದಿದ್ದರೆ ಇಂಗ್ಲಿಷಿನದು, ಅದೂ ಇಲ್ಲದಿದ್ದರೆ ಅಲ್ಲಿಯವರು ಕೊಟ್ಟ ಹೆಸರು. ಒಂದೇ ಸಾಲು. ಈ ಸಾಲು ಇದ್ದರೆ ನಿಮ್ಮ ಊರು ಕನ್ನಡದಲ್ಲಿ ಕಾಣುತ್ತೆ, ಆದ್ರೆ ಒಂದು ಷರತ್ತು, ಯಾರಾದರೂ ಆ "ನೇಮ್ ಕೆಎನ್" ಚೀಟಿಯನ್ನು ಮೊದಲು ತುಂಬಿರಬೇಕು. ನೇಪಾಳದವರ ಸಾಗರಮಾಥಾ, ಟಿಬೆಟ್ಟಿನವರ ಚೋಮೊಲುಂಗ್ಮಾ, ಇಂಗ್ಲಿಷಿನವರ ಎವರೆಸ್ಟ್, ಮೂರೂ ಒಂದೇ ಬೆಟ್ಟದ ಚೀಟಿಯಲ್ಲಿ ಕೂತಿರುತ್ತವೆ. ಯಾವುದು ಪರದೆ ಮೇಲೆ ಬರಬೇಕು ಅನ್ನೋದು ಸ್ಟೈಲ್ ಬರೆದವನ ಕೈಲಿ. ಆ ಮುದುಕ ಎವರೆಸ್ಟ್ ಇದನ್ನು ನೋಡಿದ್ದರೆ ಖುಷಿಪಡ್ತಿದ್ದ ಅನಿಸುತ್ತೆ.

ಎಲ್ಲ ಚೀಟಿಗಳ ವಿಷಯ ಇಷ್ಟು ಮುದ್ದಾಗಿಲ್ಲ. ಗಡಿಗಳೂ ಹೀಗೇ. ಗೂಗಲ್ ಮ್ಯಾಪ್ಸ್ ಕಾಶ್ಮೀರದ ಗಡಿಯನ್ನು ಭಾರತದಲ್ಲಿ ನೋಡುವವರಿಗೆ ಒಂದು ಥರ, ಹೊರಗೆ ನೋಡುವವರಿಗೆ ಇನ್ನೊಂದು ಥರ ತೋರಿಸುತ್ತೆ. ಮ್ಯಾಪ್‌ಬಾಕ್ಸ್ ಡೇಟಾದಲ್ಲಿ ಇದಕ್ಕೆ "ವರ್ಲ್ಡ್‌ವ್ಯೂ" ಅಂತ ಒಂದು ಕಾಲಮ್ಮೇ ಇದೆ, ಯಾವ ದೇಶದ ಕಣ್ಣಲ್ಲಿ ನೋಡಬೇಕು ಅಂತ ಫಿಲ್ಟರ್ ಹಾಕೋದು. ಇದು ತಮಾಷೆಯಲ್ಲ. ಸರ್ವೆ ಆಫ್ ಇಂಡಿಯಾದ ಗಡಿಗೆ ಹೊಂದದ ಮ್ಯಾಪ್ ಪ್ರಕಟಿಸೋದು ನಮ್ಮಲ್ಲಿ ಅಪರಾಧ. 2015ರಲ್ಲಿ ಕಾಶ್ಮೀರವನ್ನು ತಪ್ಪಾಗಿ ತೋರಿಸಿದ್ದಕ್ಕೆ ಅಲ್ ಜಜೀರಾ ಚಾನೆಲ್ ಇಲ್ಲಿ ಐದು ದಿನ ಬಂದ್ ಆಗಿತ್ತು. ನೀವೊಂದು ಆ್ಯಪ್ ಮಾಡಿ ಸ್ಟೋರ್‌ಗೆ ಹಾಕೋರಾದ್ರೆ ಆ ಒಂದು ಸಾಲಿನ ಫಿಲ್ಟರ್ ಮರೀಬೇಡಿ, ಅಷ್ಟೇ ಹೇಳ್ತೀನಿ.

ಸರಿ, ನನ್ನ ಕೆರೆಗಳು ಎಲ್ಲಿಗೆ ಹೋದವು?

ಬೂಲ್‌ನ ಲೆಕ್ಕದಲ್ಲಿ ಒಂದು ವಸ್ತು ಎಕ್ಸ್ ಆಗಿರುತ್ತೆ, ಇಲ್ಲಾ ಎಕ್ಸ್ ಅಲ್ಲ. ಮೂರನೇದಿಲ್ಲ. ಆದ್ರೆ ಡೇಟಾದಲ್ಲಿ ಮೂರನೇದಿದೆ: ಚೀಟಿಯೇ ಇಲ್ಲ. ಬತ್ತುವ ಕೆರೆಗೆ ಯಾರೋ ಶ್ರದ್ಧೆಯಿಂದ "ಯೆಸ್" ಅಂತ ಅಂಟಿಸಬಹುದು. ಬತ್ತದ ಕೆರೆಗೆ "ನೋ" ಅಂತ ಯಾರು ಅಂಟಿಸ್ತಾರೆ? ಮದುವೆ ಕಾರ್ಡಲ್ಲಿ "ವಧು ಕುಂಟಿಯಲ್ಲ" ಅಂತ ಅಚ್ಚು ಹಾಕಿಸಿದ ಹಾಗಾಗುತ್ತೆ. ಹಾಗಾಗಿ "ನೋ" ಇದ್ದವನ್ನು ತೋರಿಸು ಅಂದಾಗ ಏನೂ ಬರಲಿಲ್ಲ. ತಿದ್ದಿದೆ: "ಯೆಸ್" ಅಲ್ಲದ್ದೆಲ್ಲ ತೋರಿಸು. ಈಗ ಎಲ್ಲ ಕೆರೆಗಳೂ ಬಂದವು, ಎಲ್ಲವೂ ಕಡುನೀಲಿ, ಸಮುದ್ರದ ಹಾಗೆ ತುಂಬಿ ತುಳುಕುತ್ತಾ. ಅದು ಮೊದಲಿನದಕ್ಕಿಂತ ದೊಡ್ಡ ಸುಳ್ಳು. ಚೀಟಿ ಇಲ್ಲ ಅಂದ್ರೆ ನೀರಿದೆ ಅಂತಲ್ಲ, ಯಾರೂ ಹೋಗಿ ನೋಡಿಲ್ಲ ಅಂತ.

ಡೇಟಾಬೇಸ್ ಜನ ಈ ತಲೆನೋವನ್ನು ಐವತ್ತು ವರ್ಷದಿಂದ ಅನುಭವಿಸ್ತಿದ್ದಾರೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಡೇಟಾಬೇಸ್‌ಗೆ ಬುನಾದಿ ಹಾಕಿದ ಮೇಲೆ, ಖಾಲಿ ಜಾಗಕ್ಕೆ "ನಲ್" ಅಂತ ಹೆಸರಿಟ್ಟು ಹೌದು, ಇಲ್ಲ, ಗೊತ್ತಿಲ್ಲ ಅಂತ ಮೂರು ಉತ್ತರದ ತರ್ಕವನ್ನೇ ಕಟ್ಟಬೇಕಾಯ್ತು. ಎಸ್‌ಕ್ಯುಎಲ್‌ನಲ್ಲಿ "ಯೆಸ್ ಅಲ್ಲದ್ದು ಕೊಡು" ಅಂದ್ರೆ ಖಾಲಿ ಇರೋವು ಬರೋದೇ ಇಲ್ಲ. ಫೋನಿನ ಮ್ಯಾಪ್ ಸ್ಟೈಲಲ್ಲಿ ಅದೇ ಪ್ರಶ್ನೆಗೆ ಖಾಲಿ ಇರೋವೂ ಬರ್ತವೆ. ಒಂದೇ ವಾಕ್ಯ, ಎರಡು ಕಡೆ ಎರಡು ಉತ್ತರ. ಯಾರು ಸರಿ ಅಂತ ಕೇಳಿದ್ರೆ ನನ್ನ ಹತ್ತಿರ ಉತ್ತರ ಇಲ್ಲ, ಆದ್ರೆ ಇಬ್ಬರೂ ಇದನ್ನು ಜೋರಾಗಿ ಹೇಳಲ್ಲ ಅನ್ನೋ ಸಿಟ್ಟಿದೆ.

ಸಿಟ್ಟು ಯಾಕೆ ಅಂದ್ರೆ, ಕೆರೆ ವಿಷಯದಲ್ಲಿ ನಾವು ಕಳ್ಕೊಂಡಿದ್ದು ಹೀಗೇ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋ ಜಾಗ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯಲ್ಲಿ. ಒಂದು ಕೆರೆ ನಾಲ್ಕು ಬೇಸಿಗೆ ಬತ್ತಿದರೆ ಸಾಕು, "ಅಲ್ಲಿ ಎಲ್ರಿ ನೀರಿದೆ" ಅಂತ ಒಬ್ಬ ಕೇಳ್ತಾನೆ. ಮಳೆನಾಡಲ್ಲದ ಸೀಮೆಯಲ್ಲಿ ಕೆರೆ ಅಂದ್ರೆ ಆರು ತಿಂಗಳು ನೀರು, ಆರು ತಿಂಗಳು ಹುಲ್ಲು, ದನ, ಕ್ರಿಕೆಟ್. ಇಂಗ್ಲೆಂಡಿನ "ಲೇಕ್" ಥರ ಅದು ಹನ್ನೆರಡು ತಿಂಗಳೂ ತುಂಬಿರಲ್ಲ. ಬತ್ತಿದಾಗಲೂ ಅದು ಕೆರೆಯೇ. ನೀಲಿ ಇಲ್ಲಾ ಖಾಲಿ ಅಂತ ಮಾತ್ರ ಬರೆಯೋ ಸ್ಟೈಲಿನಲ್ಲಿ ಅದಕ್ಕೆ ಜಾಗ ಇಲ್ಲ. ಆ ಟೋಪೋಶೀಟಿನ ಮುದುಕರಿಗೆ ಕಪ್ಪು ಗೆರೆ ಎಳೆಯೋದಾದ್ರೂ ಗೊತ್ತಿತ್ತು.

ಕೊನೆಗೆ ನಾನು ಮೂರು ಬಣ್ಣ ಹಾಕಿದೆ. "ಯೆಸ್" ಅಂತಿದ್ದರೆ ಕಂದು ಅಂಚಿನ ತಿಳಿನೀಲಿ. "ನೋ" ಅಂತಿದ್ದರೆ ನೀಲಿ. ಚೀಟಿ ಇಲ್ಲದಿದ್ದರೆ ಬೂದು, ಮೇಲೊಂದು ಪ್ರಶ್ನಾರ್ಥಕ ಚಿಹ್ನೆ. ಅಜ್ಜಿ ಊರಿನ ಸುತ್ತ ಮ್ಯಾಪ್ ಬಹುಪಾಲು ಬೂದು ಆಯ್ತು. ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, ಒಂದೊಂದೇ ಬೂದು ಮಚ್ಚೆ ಮೇಲೆ ಬೆರಳಿಟ್ಟು ಹೇಳ್ತಾ ಹೋದಳು. ಇದು ಯುಗಾದಿ ಹೊತ್ತಿಗೆ ಒಣಗುತ್ತೆ. ಇದು ಕೋಡಿ ಹರಿದರೆ ಎರಡು ವರ್ಷ ತಡೆಯುತ್ತೆ. ಇದು ದೊಡ್ಡಕೆರೆ ಅಲ್ಲ ಕಣೋ, ಚಿಕ್ಕಕೆರೆ, ಹೆಸರು ತಪ್ಪು ಬರೆದಿದ್ದೀಯ. ನಾನು ಪಕ್ಕದಲ್ಲೇ ಕೂತು ಒಂದೊಂದಾಗಿ ಟ್ಯಾಗ್ ತುಂಬಿದೆ, "ನೇಮ್ ಕೆಎನ್" ಸಮೇತ. ಹದಿನಾಲ್ಕು ಆದವು. ಹದಿನೈದನೇದರ ಹತ್ತಿರ ಅವಳಿಗೇ ಅನುಮಾನ ಬಂತು. "ಆ ಕಡೆ ನಾನು ಮದುವೆಯಾದಮೇಲೆ ಹೋಗಿಲ್ಲಪ್ಪ, ನೀನೇ ಹೋಗಿ ನೋಡು" ಅಂದಳು.

ಆ ಒಂದು ಕೆರೆ ನನ್ನ ಮ್ಯಾಪಲ್ಲಿ ಇನ್ನೂ ಬೂದು ಬಣ್ಣದಲ್ಲೇ ಇದೆ. ಮುಂದಿನ ವಾರ ಸಿಗೋಣ.